ವಿದೇಶಿ ವಿದ್ಯಾರ್ಥಿಗಳ ಇಂಗ್ಲಿಷ್ ಗ್ರಾಮರ್ ಅಳೆಯುವುದು ಹೇಗೆ? ಮೈಸೂರಿನ ಮೇಷ್ಟ್ರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಅಡ್ಮಿಷನ್ ಗಲಾಟೆ ಮುಗಿಯುವ ಹೊತ್ತಿಗೆ ನನಗೆ ಫೋನುಗಳು ಶುರುವಾಗುತ್ತವೆ. “ಮೇಡಂ, ನಮ್ಮಲ್ಲಿಗೆ ಆರು ಜನ ಫಾರಿನ್ ಸ್ಟೂಡೆಂಟ್ಸ್ ಬಂದಿದ್ದಾರೆ. ಅವರ ಗ್ರಾಮರ್ ಹೇಗಿದೆ ಅಂತ ನೋಡಿ ರಿಪೋರ್ಟ್ ಕೊಡಬೇಕಂತೆ. ನಿಮ್ಮ ಹತ್ತಿರ ಒಂದು ಕ್ವೆಶ್ಚನ್ ಪೇಪರ್ ಇದ್ದರೆ ಕಳಿಸಿ.” ಪೇಪರ್ ಕಳಿಸುವುದು ಸುಲಭ. ಅದರ ಹಿಂದೆಯೇ ಬರುವ ಪ್ರಶ್ನೆಗಳಿಗೆ ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು, ಪರೀಕ್ಷಾ ಶಾಸ್ತ್ರದ ದೊಡ್ಡ ಪಂಡಿತೆ ಏನಲ್ಲ. ಕೆಂಪು ಪೆನ್ನು ಹಿಡಿದು ನಾನೇ ಮಾಡಿದ ತಪ್ಪುಗಳಿಂದ ಕಲಿತದ್ದೇ ಜಾಸ್ತಿ.

ಮೈಸೂರಿಗೆ ಓದಲು ಬರುವ ವಿದೇಶಿಯರು ಯಾರು?

ಗೋಕುಲಂ ಕಡೆ ಚಾಪೆ ಸುತ್ತಿಕೊಂಡು ಓಡಾಡುವ ಯೋಗದವರನ್ನು ಬಿಡಿ, ಅವರದು ಬೇರೆ ಲೆಕ್ಕ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮತ್ತು ಊರಿನ ಕಾಲೇಜುಗಳಿಗೆ ಅರಬ್ ದೇಶಗಳು, ಇರಾನ್, ಅಫ್ಘಾನಿಸ್ತಾನ, ಆಫ್ರಿಕಾ, ಮತ್ತೆ ನಮ್ಮ ನೆರೆಹೊರೆಯ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಕೆಲವರು ಕೇಂದ್ರ ಸರ್ಕಾರದ ಐಸಿಸಿಆರ್ ಸಂಸ್ಥೆ ಕೊಡುವ ವಿದ್ಯಾರ್ಥಿವೇತನದ ಮೇಲೆ, ಕೆಲವರು ಸ್ವಂತ ಖರ್ಚಿನ ಮೇಲೆ. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದರೆ ನಾಲ್ಕೈದು ಭಾಷೆ ಕಿವಿಗೆ ಬೀಳುತ್ತವೆ. ಪಾಠ ಮಾತ್ರ ಎಲ್ಲರಿಗೂ ಇಂಗ್ಲಿಷಿನಲ್ಲೇ.

ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಸ್ಕೋರ್ ತಂದವರಿಗೆ ಮತ್ತೆ ಟೆಸ್ಟ್ ಯಾಕೆ? ಸುಮ್ನೆ ತೊಂದರೆ ಅಲ್ವಾ?

ಮೊದಲ ಮಾತು, ಎಷ್ಟೋ ಜನ ಯಾವ ಸ್ಕೋರೂ ಇಲ್ಲದೆ ಬರುತ್ತಾರೆ. “ಇವರು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾರೆ” ಅನ್ನುವ ಒಂದು ಪತ್ರ ಇರುತ್ತದೆ, ಅಷ್ಟೇ.

ಇನ್ನು ಸ್ಕೋರ್ ಇದ್ದವರ ವಿಷಯ. ಐಇಎಲ್‌ಟಿಎಸ್‌ನಲ್ಲಿ ಗ್ರಾಮರಿಗೆ ಅಂತ ಬೇರೆ ಪೇಪರ್ ಇಲ್ಲ. ರೈಟಿಂಗ್ ತಿದ್ದುವಾಗ ನಾಲ್ಕು ವಿಷಯ ನೋಡುತ್ತಾರೆ, ಅದರಲ್ಲಿ ಗ್ರಾಮರ್ ಒಂದು. ಸ್ಪೀಕಿಂಗ್‌ನಲ್ಲೂ ಹಾಗೇ, ನಾಲ್ಕರಲ್ಲಿ ಒಂದು. ಅಂದರೆ ಕಾಲು ಭಾಗ. ಆದರೆ ಕೈಗೆ ಬರುವ ರಿಸಲ್ಟ್ ಶೀಟಿನಲ್ಲಿ ಆ ಕಾಲು ಭಾಗ ಎಷ್ಟಿತ್ತು ಅಂತ ಬರೆದಿರುವುದಿಲ್ಲ. ಒಬ್ಬರ ಲಿಸನಿಂಗ್ 7.5, ರೀಡಿಂಗ್ 7, ಸ್ಪೀಕಿಂಗ್ 6, ರೈಟಿಂಗ್ 5.5 ಅನ್ನಿ. ಒಟ್ಟು 6.5 ಬರುತ್ತದೆ. ಆಫೀಸಿನವರಿಗೆ ಕಾಣುವುದು ಆ 6.5 ಮಾತ್ರ. ಅಸೈನ್‌ಮೆಂಟ್ ತಿದ್ದಬೇಕಾದ ನಿಮಗೆ ಬೇಕಾಗಿರುವುದು ಆ 5.5ರ ಒಳಗೆ ಏನಿದೆ ಅನ್ನುವುದು.

ಟೋಫೆಲ್ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆಯ ಕಥೆಯೂ ಸ್ವಲ್ಪ ಹಾಗೇ. ಹಳೆಯ ಪೇಪರ್ ಟೋಫೆಲ್‌ನಲ್ಲಿ ವಾಕ್ಯರಚನೆಗೇ ಒಂದು ಭಾಗ ಇತ್ತು. 2005ರಲ್ಲಿ ಇಂಟರ್ನೆಟ್ ಪರೀಕ್ಷೆ ಬಂದಾಗ ಅದನ್ನು ತೆಗೆದರು. ಗ್ರಾಮರನ್ನು ಒಂಟಿಯಾಗಿ ಅಳೆಯುವುದಕ್ಕಿಂತ ಬರವಣಿಗೆ, ಮಾತಿನ ಒಳಗೇ ನೋಡುವುದು ವಾಸಿ ಅನ್ನುವ ಕಡೆಗೆ ಎಷ್ಟೋ ದೊಡ್ಡ ಪರೀಕ್ಷೆಗಳು ವಾಲಿದವು. ನಮ್ಮ ಕಾಲೇಜುಗಳಲ್ಲಿ ಮಾತ್ರ ಇನ್ನೂ “ಫಿಲ್ ಇನ್ ದಿ ಬ್ಲ್ಯಾಂಕ್ಸ್” ಬಿಟ್ಟಿಲ್ಲ.

ಐವತ್ತು ಬ್ಲ್ಯಾಂಕ್ಸ್ ಕೊಟ್ಟು ಅಂಕ ಹಾಕಿದರೆ ಕೆಲಸ ಮುಗೀತಲ್ಲ?

ನಾನೂ ಮೊದಲು ಅದನ್ನೇ ಮಾಡಿದೆ. ಅರ್ಧ ಗಂಟೆಯ ಪರೀಕ್ಷೆ, ಹತ್ತು ನಿಮಿಷದ ವ್ಯಾಲ್ಯುಯೇಷನ್, ಎಕ್ಸೆಲ್ ಶೀಟು ರೆಡಿ. ಎಚ್‌ಓಡಿಗೂ ಖುಷಿ.

ನಾಲ್ಕು ಆಯ್ಕೆಯ ಐವತ್ತು ಪ್ರಶ್ನೆಗೆ ಕಣ್ಣು ಮುಚ್ಚಿ ಟಿಕ್ ಹಾಕಿದರೂ ಸರಾಸರಿ ಹನ್ನೆರಡು ಹದಿಮೂರು ಬರುತ್ತದೆ. ಅದು ಸಣ್ಣ ತೊಂದರೆ. ದೊಡ್ಡ ತೊಂದರೆ ನನಗೆ ಗೊತ್ತಾದದ್ದು ಒಂದು ರಜಾ ಅರ್ಜಿಯಿಂದ. ಐವತ್ತಕ್ಕೆ 46 ತೆಗೆದಿದ್ದ ಹುಡುಗ ರಜೆ ಕೇಳಿ ಬರೆದ ನಾಲ್ಕು ಸಾಲು ನನಗೆ ಅರ್ಥವಾಗಲಿಲ್ಲ. ಯಾವತ್ತಿಂದ ಯಾವತ್ತಿನವರೆಗೆ ರಜೆ, ಹುಷಾರಿಲ್ಲದಿರುವುದು ಅವನಿಗೋ ಅವನ ತಮ್ಮನಿಗೋ, ಏನೂ ತಿಳಿಯಲಿಲ್ಲ. ಅದೇ ಬ್ಯಾಚಿನಲ್ಲಿ 22 ತೆಗೆದ ಹುಡುಗಿ ಹಾಸ್ಟೆಲ್ ನೀರಿನ ಬಗ್ಗೆ ಬರೆದ ದೂರು ಓದಿ ವಾರ್ಡನ್ ಅದೇ ದಿನ ಪ್ಲಂಬರನ್ನು ಕರೆಸಿದರು. ಅವಳ ಕಾಗದದಲ್ಲೂ ತಪ್ಪುಗಳಿದ್ದವು. ಆದರೆ ಯಾವ ನಲ್ಲಿ, ಎಷ್ಟು ದಿನದಿಂದ, ಯಾರಿಗೆ ಹೇಳಿದರೂ ಏನಾಗಲಿಲ್ಲ, ಎಲ್ಲ ನೀಟಾಗಿ ಗೊತ್ತಾಗುತ್ತಿತ್ತು.

ಬ್ಲ್ಯಾಂಕ್ಸ್ ಅಳೆಯುವುದು ನಿಯಮ ಗುರುತಿಸುವ ಶಕ್ತಿಯನ್ನು. ನಿಯಮ ಗುರುತಿಸುವುದು ಬೇರೆ, ಬರೆಯುವಾಗ ಅದು ಕೈಗೆ ಬರುವುದು ಬೇರೆ. ಸೈಕಲ್ಲಿನ ಭಾಗಗಳ ಹೆಸರು ಹೇಳಿದ ಮಾತ್ರಕ್ಕೆ ಚಾಮುಂಡಿ ಬೆಟ್ಟ ಹತ್ತಿಸುತ್ತಾನೆ ಅಂತ ಏನು ಗ್ಯಾರಂಟಿ?

ಹಾಗಾದರೆ ನೀವು ಈಗ ಏನು ಕೊಡುತ್ತೀರಿ?

ಮೂರು ಸಣ್ಣ ಕೆಲಸ ಕೊಡುತ್ತೇನೆ, ಒಂದೇ ಬೆಳಗ್ಗೆ ಮುಗಿಯುತ್ತದೆ.

ಮೊದಲನೆಯದು ಸಿ-ಟೆಸ್ಟ್. 1981ರಲ್ಲಿ ಜರ್ಮನಿಯಲ್ಲಿ ರಾಟ್ಸ್ ಮತ್ತು ಕ್ಲೈನ್-ಬ್ರಾಲಿ ಅನ್ನುವವರು ಮಾಡಿದ ವಿಧಾನ. ಒಂದು ಸಣ್ಣ ಪ್ಯಾರಾ ತೆಗೆದುಕೊಂಡು ಮೊದಲ ವಾಕ್ಯ ಹಾಗೇ ಬಿಡುವುದು. ಆಮೇಲೆ ಒಂದು ಪದ ಬಿಟ್ಟು ಒಂದು ಪದದ ಎರಡನೇ ಅರ್ಧವನ್ನು ಅಳಿಸುವುದು. ವಿದ್ಯಾರ್ಥಿ ಅದನ್ನು ತುಂಬಬೇಕು. ಕನ್ನಡದಲ್ಲಿ ಮಾಡಿ ನೋಡಿದರೆ ಇದರ ಗಮ್ಮತ್ತು ತಿಳಿಯುತ್ತದೆ. “ಬೆಳಗ್ಗೆ ದೇವರಾಜ ಮಾರು____ ಹೋಗಿ ಎರಡು ಕೆಜಿ ಟೊಮೆ____ ತಂದೆ.” ನೀವು ‘ಮಾರುಕಟ್ಟೆಗೆ’ ಅಂತಲೇ ಓದಿಕೊಂಡಿರಿ, ‘ಮಾರುಕಟ್ಟೆಯಲ್ಲಿ’ ಅಂತ ಅಲ್ಲ. ಯಾಕೆ? ಮುಂದೆ ‘ಹೋಗಿ’ ಇದೆ. ಆ ‘ಗೆ’ಯನ್ನು ತುಂಬಿಸಿದ್ದು ನಿಮ್ಮೊಳಗಿನ ವ್ಯಾಕರಣ. ಇಂಗ್ಲಿಷಿನಲ್ಲೂ ಪದದ ಬಾಲದಲ್ಲೇ ‘ಎಸ್’, ‘ಇಡಿ’, ‘ಇಂಗ್’ ಇರುವುದರಿಂದ ಈ ಪರೀಕ್ಷೆ ಅಲ್ಲಿಗೇ ಕೈ ಹಾಕುತ್ತದೆ. ನಾಲ್ಕೈದು ಪ್ಯಾರಾ, ಒಂದೊಂದರಲ್ಲಿ ಇಪ್ಪತ್ತು ಇಪ್ಪತ್ತೈದು ಜಾಗ ಸಾಕು. ಬಾಯಿಪಾಠ ಮಾಡಿ ಬರಲು ಆಗುವುದಿಲ್ಲ.

ಎರಡನೆಯದು ಬರವಣಿಗೆ. ಕೈಯಲ್ಲೇ ಬರೆಯಬೇಕು, ನಲವತ್ತು ನಿಮಿಷ, ಒಂದೂವರೆ ಪುಟ. ವಿಷಯ ಅವರಿಗೆ ಗೊತ್ತಿರುವಂಥದ್ದೇ ಇರಲಿ. “ಮೈಸೂರಿನಲ್ಲಿ ರೂಮು ಹುಡುಕಿದ್ದು” ಅಂತ ಕೊಟ್ಟರೆ ಪೆನ್ನು ನಿಲ್ಲುವುದೇ ಇಲ್ಲ. “ಜಾಗತೀಕರಣದ ಪರಿಣಾಮ” ಅಂತ ಕೊಟ್ಟರೆ ಇಂಟರ್ನೆಟ್ಟಿನಲ್ಲಿ ಓದಿದ ವಾಕ್ಯಗಳನ್ನು ನೆನಪಿನಿಂದ ಇಳಿಸುತ್ತಾರೆ. ನಡೆದುಹೋದದ್ದನ್ನು ಕೇಳಿದರೆ ಪಾಸ್ಟ್ ಟೆನ್ಸ್ ತಾನಾಗೇ ಹೊರಗೆ ಬರಬೇಕಾಗುತ್ತದೆ. ವಿಷಯ ಆರಿಸುವಾಗಲೇ ಅರ್ಧ ಪರೀಕ್ಷೆ ಮುಗಿದಿರುತ್ತದೆ.

ಮೂರನೆಯದು ಹತ್ತು ನಿಮಿಷದ ಮಾತು. ಅದರ ಬಗ್ಗೆ ಕೆಳಗೆ ಹೇಳುತ್ತೇನೆ.

ಒಂದು ಪುಟ ತಿದ್ದಿ ತೋರಿಸುತ್ತೀರಾ?

ತೋರಿಸುತ್ತೇನೆ. ಅರಬಿ ಮಾತಾಡುವ ಒಬ್ಬ ವಿದ್ಯಾರ್ಥಿ ಬರೆದದ್ದು. ಅವನ ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಇಳಿಸಿದ್ದೇನೆ, ಜೋರಾಗಿ ಓದಿಕೊಳ್ಳಿ:

“ಐ ಸರ್ಚ್ ರೂಮ್ ತ್ರೀ ವೀಕ್. ಒನ್ ಓನರ್ ಆಸ್ಕ್ ಮಿ, ಯು ಈಟ್ ಮೀಟ್? ಐ ಸೇ ಯೆಸ್. ಶಿ ಕ್ಲೋಸ್ ದಿ ಡೋರ್. ದೆನ್ ಐ ಫೈಂಡ್ ದಿ ರೂಮ್ ವಿಚ್ ಐ ಲೈಕ್ ಇಟ್. ದಿ ಓನರ್ ವೆರಿ ಗುಡ್ ಮ್ಯಾನ್. ಬಿಫೋರ್ ಟು ಮಂತ್ ಐ ಗಿವ್ ದಿ ಅಡ್ವಾನ್ಸ್.”

ಏಳು ವಾಕ್ಯ. ಕೆಂಪು ಪೆನ್ನು ಹಿಡಿದು ಕೂತರೆ ನನ್ನ ಲೆಕ್ಕಕ್ಕೆ ಹದಿನೇಳು ಗುರುತು ಬೀಳುತ್ತವೆ. ಪುಟ ರಕ್ತಮಯ. ಹುಡುಗನಿಗೆ ಇಪ್ಪತ್ತಕ್ಕೆ ಎರಡೋ ಮೂರೋ.

ಈಗ ಆ ಹದಿನೇಳನ್ನು ಗುಂಪು ಮಾಡಿ. ಸರ್ಚ್, ಆಸ್ಕ್, ಸೇ, ಕ್ಲೋಸ್, ಫೈಂಡ್, ಗಿವ್, ಆರೂ ಒಂದೇ ತಪ್ಪು: ಪಾಸ್ಟ್ ಟೆನ್ಸ್ ಇಲ್ಲ. ಮೂರು ಆರ್ಟಿಕಲ್‌ನವು. ‘ಫಾರ್’ ಎರಡು ಕಡೆ ಬಿಟ್ಟಿದ್ದಾನೆ. ವೀಕ್, ಮಂತ್ ಎರಡಕ್ಕೂ ‘ಎಸ್’ ಇಲ್ಲ. ಪ್ರಶ್ನೆಯಲ್ಲಿ ‘ಡು’ ಇಲ್ಲ, ಗುಡ್ ಮ್ಯಾನ್ ಹಿಂದೆ ‘ಈಸ್’ ಇಲ್ಲ, ‘ಲೈಕ್’ ಆದ ಮೇಲೆ ಒಂದು ‘ಇಟ್’ ಜಾಸ್ತಿ ಬಂದಿದೆ. ಕೊನೆಗೆ ಆ ‘ಬಿಫೋರ್’. ಹದಿನೇಳು ಕಾಯಿಲೆ ಇದ್ದ ಹಾಗೆ ಕಾಣುತ್ತಿದ್ದದ್ದು ಎಂಟಕ್ಕೆ ಇಳಿಯಿತು. ಪಾಸ್ಟ್ ಟೆನ್ಸ್ ಒಂದನ್ನು ಹಿಡಿದು ತಿಂಗಳು ಕೆಲಸ ಮಾಡಿದರೆ ಮೂರನೇ ಒಂದು ಭಾಗ ಹೋಗುತ್ತದೆ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಓದುವವರ ದಾರಿ ತಪ್ಪಿಸಿದ್ದು ಎಷ್ಟು ಕಡೆ? ಮೊದಲ ಆರು ವಾಕ್ಯಗಳಲ್ಲಿ ಎಲ್ಲೂ ಇಲ್ಲ. ಬಾಗಿಲು ಮುಚ್ಚಿದ ಸದ್ದು ಕೂಡ ಕೇಳುತ್ತದೆ. ಏಳನೆಯದರಲ್ಲಿ ಮಾತ್ರ ಎಡವುತ್ತೇವೆ. ಅಡ್ವಾನ್ಸ್ ಕೊಟ್ಟಾಗಿದೆಯೋ, ಎರಡು ತಿಂಗಳೊಳಗೆ ಕೊಡುತ್ತಾನೋ? ದುಡ್ಡಿನ ವಿಷಯದಲ್ಲಿ ಇದು ಸಣ್ಣ ಗೊಂದಲ ಅಲ್ಲ. ಅರಬಿಯಲ್ಲಿ ‘ಎರಡು ತಿಂಗಳ ಹಿಂದೆ’ ಅನ್ನಲು ‘ಮೊದಲು’ ಅನ್ನುವ ಪದವನ್ನು ಮುಂದಿಟ್ಟು ಹೇಳುತ್ತಾರೆ. ಅದನ್ನೇ ಇಂಗ್ಲಿಷಿಗೆ ತಂದಿದ್ದಾನೆ.

ತಮಾಷೆ ಏನೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಆ ವಾಕ್ಯಕ್ಕೆ ಎಡವಲಿಲ್ಲ. “ಎರಡು ತಿಂಗಳ ಮುಂಚೆ ಕೊಟ್ಟಿದ್ದಾನೆ, ಗೊತ್ತಾಗುತ್ತಲ್ಲ” ಅಂದರು. ಗೊತ್ತಾಗದೆ ಏನು, ನಾವೂ ‘ಬಿಫೋರ್ ಟು ಮಂತ್ಸ್’ ಅನ್ನುವವರೇ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಯಾವ ತಪ್ಪಿಗೆ ಎಷ್ಟು ಮಾರ್ಕ್ಸ್ ಕಳೆಯಬೇಕು?

ತಪ್ಪಿಗೆ ಅರ್ಧ ಅಂಕ ಅಂತ ಕಳೆಯುತ್ತಾ ಹೋದರೆ ಜಾಸ್ತಿ ಬರೆದವರಿಗೇ ಪೆಟ್ಟು. ನಾಲ್ಕು ಸೇಫ್ ವಾಕ್ಯ ಬರೆದು ಸುಮ್ಮನೆ ಕೂತವನು ಗೆಲ್ಲುತ್ತಾನೆ. ‘ಇಫ್’, ‘ಆಲ್‌ದೋ’ ಎಲ್ಲ ಹಾಕಿ ದೊಡ್ಡ ವಾಕ್ಯ ಕಟ್ಟಲು ಹೊರಟವಳು ಸೋಲುತ್ತಾಳೆ. ಅದಕ್ಕೇ ಐಇಎಲ್‌ಟಿಎಸ್‌ನವರು ವಾಕ್ಯಗಳಲ್ಲಿ ಎಷ್ಟು ಬಗೆ ಇದೆ, ಎಷ್ಟು ಸರಿಯಿದೆ, ಎರಡನ್ನೂ ಒಟ್ಟಿಗೆ ನೋಡುತ್ತಾರೆ.

ಇಡೀ ವಾಕ್ಯದ ಅರ್ಥ ಕೆಡಿಸುವ ತಪ್ಪು ಒಂದು ಬಗೆ, ಒಂದು ಪದದಲ್ಲೇ ಉಳಿಯುವ ತಪ್ಪು ಇನ್ನೊಂದು ಬಗೆ. 1972ರಿಂದಲೂ ಭಾಷಾ ಪಾಠದವರು ಈ ವ್ಯತ್ಯಾಸ ಮಾಡುತ್ತಾ ಬಂದಿದ್ದಾರೆ. ನಾನು ಮಾಡುವುದು ಇಷ್ಟೇ: ಮೊದಲ ಸಲ ಪೆನ್ನು ಮುಟ್ಟದೆ ಓದುತ್ತೇನೆ. ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದಬೇಕಾಯಿತೋ ಅಲ್ಲಿ ಪೆನ್ಸಿಲ್ಲಿನಲ್ಲಿ ಗೆರೆ. ಆ ಗೆರೆಗಳಿಗೆ ಜಾಸ್ತಿ ಬೆಲೆ. ಮಿಕ್ಕ ತಪ್ಪುಗಳನ್ನು ಎರಡನೇ ಓದಿನಲ್ಲಿ ಬಗೆಬಗೆಯಾಗಿ ಎಣಿಸುತ್ತೇನೆ. ಒಂದೇ ತಪ್ಪು ಆರು ಸಲ ಬಂದರೂ ಒಂದೇ ಲೆಕ್ಕ, ಪಕ್ಕದಲ್ಲಿ ‘6’ ಅಂತ ಬರೆದಿರುತ್ತೇನೆ.

ಕ್ಯಾಪಿಟಲ್ ಲೆಟರ್‌ಗೆ ಅಂಕ ಕಳೆಯಬೇಡಿ. ಅರಬಿ, ಇರಾನಿನ ಫಾರ್ಸಿ ಲಿಪಿಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ. ನಮ್ಮ ಕನ್ನಡದಲ್ಲೂ ಇಲ್ಲವಲ್ಲ.

ಅವರ ತಾಯ್ನುಡಿ ನಮಗೆ ಗೊತ್ತಿರಬೇಕಾ?

ಮಾತಾಡಲು ಬರಬೇಕಿಲ್ಲ. ಅದರ ಸ್ವಭಾವ ಒಂಚೂರು ಗೊತ್ತಿದ್ದರೆ ಸಾಕು, ಕೋಪ ಕಡಿಮೆಯಾಗುತ್ತದೆ.

ಅರಬಿಯಲ್ಲಿ ‘ಮನೆ ದೊಡ್ಡದು’ ಅನ್ನಲು ‘ಈಸ್’ ಬೇಕಿಲ್ಲ. ನಮಗೂ ಬೇಕಿಲ್ಲ, ‘ಮನೆ ದೊಡ್ಡದು’ ಅಂದರೆ ಮುಗೀತು. ‘ದಿ’ಗೆ ಸಮನಾದ ‘ಅಲ್’ ಅವರಲ್ಲಿ ಇದೆ, ‘ಎ’ಗೆ ಸಮನಾದ ಪದ ಇಲ್ಲ. ಆದ್ದರಿಂದ ಮೇಲಿನ ಹುಡುಗ ‘ದಿ ಡೋರ್’ ಸರಿಯಾಗಿ ಬರೆದ, ‘ಎ ಗುಡ್ ಮ್ಯಾನ್’ ಬರೆಯಲಿಲ್ಲ. ‘ವಿಚ್ ಐ ಲೈಕ್ ಇಟ್’ನಲ್ಲಿ ಜಾಸ್ತಿ ಬಂದ ‘ಇಟ್’ ಕೂಡ ಅಲ್ಲಿನದೇ.

ಫಾರ್ಸಿಯಲ್ಲಿ ಅವನು-ಅವಳು ಎರಡಕ್ಕೂ ಒಂದೇ ಪದ. ಸ್ವಾಹಿಲಿಯಲ್ಲೂ ಹಾಗೇ. ಇರಾನಿನ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬಳು ತನ್ನ ಅಮ್ಮನ ಬಗ್ಗೆ ಹೇಳುತ್ತಾ ‘ಹಿ’ ಅಂದಾಗ ಕ್ಲಾಸೆಲ್ಲ ನಕ್ಕಿತು. ನಮಗೆ ಬಂದನು-ಬಂದಳು ಅಂತ ಕ್ರಿಯಾಪದಕ್ಕೇ ಗಂಡು ಹೆಣ್ಣು ಅಂಟಿಕೊಂಡಿದೆ. ಅದಕ್ಕೇ ಈ ತಪ್ಪು ನಮ್ಮ ಕಿವಿಗೆ ಬಡಿಯುತ್ತದೆ. ಅದೇ ಕ್ಲಾಸಿನಲ್ಲಿ ‘ಎ’, ‘ದಿ’ ಬಿಟ್ಟು ಮಾತಾಡಿದರೆ ಯಾರೂ ನಗುವುದಿಲ್ಲ, ಯಾಕೆಂದರೆ ನಮ್ಮಲ್ಲೂ ಆರ್ಟಿಕಲ್ ಇಲ್ಲ. ಥಾಯ್ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕ ಹಾಗೆ ರೂಪ ಬದಲಿಸುವುದೇ ಇಲ್ಲ. ನಿನ್ನೆ, ನಾಳೆ ಅಂತ ಬೇರೆ ಪದ ಸೇರಿಸಿದರೆ ಆಯಿತು.

ಹಾಗಂತ ಎಲ್ಲಕ್ಕೂ ತಾಯ್ನುಡಿಯ ಮೇಲೆ ಗೂಬೆ ಕೂರಿಸಬೇಡಿ. ‘ಹಿ ಗೋಸ್’ನ ಆ ‘ಎಸ್’ ಇದೆಯಲ್ಲ, ಯಾವ ದೇಶದವರು ಕಲಿತರೂ ತಡವಾಗಿಯೇ ಬರುತ್ತದೆ. 1974ರಲ್ಲಿ ಡ್ಯೂಲೆ ಮತ್ತು ಬರ್ಟ್ ಅನ್ನುವವರು ಸ್ಪ್ಯಾನಿಷ್ ಮಕ್ಕಳನ್ನೂ ಚೀನೀ ಮಕ್ಕಳನ್ನೂ ನೋಡಿದರು. ಎರಡು ಗುಂಪಿನಲ್ಲೂ ಇಂಗ್ಲಿಷಿನ ಇಂಥ ತುಣುಕುಗಳು ಹೆಚ್ಚೂಕಡಿಮೆ ಒಂದೇ ಕ್ರಮದಲ್ಲಿ ಬಂದಿದ್ದವು. ಮೊದಲ ಸೆಮಿಸ್ಟರಿನಲ್ಲೇ ಆ ‘ಎಸ್’ಗೆ ಅಂಕ ಕಳೆದರೆ ಮಾವಿನ ಗಿಡ ನೆಟ್ಟ ವರ್ಷವೇ ಹಣ್ಣು ಕೇಳಿದಂತೆ.

ಗೊತ್ತಿಲ್ಲದೆ ಮಾಡಿದ್ದಾ, ಅವಸರದಲ್ಲಿ ಮಾಡಿದ್ದಾ? ಹೇಗೆ ಕಂಡುಹಿಡಿಯುವುದು?

1967ರಲ್ಲೇ ಪಿಟ್ ಕಾರ್ಡರ್ ಅನ್ನುವವರು ಈ ಎರಡನ್ನು ಬೇರೆ ಮಾಡಿ ತೋರಿಸಿದ್ದರು. ನಿಯಮವೇ ಗೊತ್ತಿಲ್ಲದೆ ಮಾಡುವುದು ಒಂದು. ಗೊತ್ತಿದ್ದೂ ಕೈ ಜಾರುವುದು ಇನ್ನೊಂದು. ಕಂಡುಹಿಡಿಯಲು ಸುಲಭದ ಉಪಾಯ: ಎರಡು ದಿನ ಬಿಟ್ಟು ಯಾವ ಗುರುತೂ ಹಾಕದ ಅದೇ ಪುಟವನ್ನು ವಾಪಸ್ ಕೊಡಿ. “ನೀವೇ ತಿದ್ದಿ” ಅನ್ನಿ. ತಾನೇ ತಿದ್ದಿಕೊಂಡದ್ದು ಕೈ ಜಾರಿದ್ದು. ಕಣ್ಣಿಗೇ ಬೀಳದೆ ಉಳಿದದ್ದು ಪಾಠ ಮಾಡಬೇಕಾದದ್ದು. ಆ ಅರಬಿ ಹುಡುಗ ಹದಿನೇಳರಲ್ಲಿ ಏಳನ್ನು ತಾನೇ ತಿದ್ದಿದ, ಆರು ಪಾಸ್ಟ್ ಟೆನ್ಸ್‌ನಲ್ಲಿ ಐದು ಅದರಲ್ಲೇ ಇದ್ದವು. ಅಂದರೆ ಅವನಿಗೆ ಪಾಸ್ಟ್ ಟೆನ್ಸ್ ಗೊತ್ತಿತ್ತು! ಬರೆಯುವ ಓಟದಲ್ಲಿ ಕೈಗೆ ಬಂದಿರಲಿಲ್ಲ. ಅವನಿಗೆ ನಿಯಮದ ಪಾಠ ಬೇಕಿರಲಿಲ್ಲ, ಬರೆಯುವ ಅಭ್ಯಾಸ ಬೇಕಿತ್ತು. ಬರೀ ಅಂಕ ನೋಡಿದ್ದರೆ ನಾನು ತಪ್ಪು ಮದ್ದು ಕೊಡುತ್ತಿದ್ದೆ.

ನಮ್ಮ ಇಂಗ್ಲಿಷೇ ಅಷ್ಟಕ್ಕಷ್ಟೆ. ಇನ್ನೊಬ್ಬರದನ್ನು ಅಳೆಯಲು ನಾವು ಯಾರು?

ಈ ಪ್ರಶ್ನೆ ಫೋನಿನಲ್ಲಿ ಮೆಲ್ಲಗೆ ಬರುತ್ತದೆ, ಬೇರೆಲ್ಲ ಮುಗಿದ ಮೇಲೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಮೊದಲು ಧೈರ್ಯದ ಮಾತು. ಇಂಗ್ಲಿಷ್ ಈ ಊರಿಗೆ ಹೊಸತಲ್ಲ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪಾಠ ಮಾಡಿದ ಊರು ಇದು. ಆರ್.ಕೆ. ನಾರಾಯಣ್ ಅವರ ಯಾದವಗಿರಿಯ ಮನೆ ಈಗ ಮ್ಯೂಸಿಯಂ ಆಗಿದೆ. ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಿತವರಿಗೆ ಅದರ ಕಷ್ಟ ಎಲ್ಲಿದೆ ಅಂತ ಗೊತ್ತಿರುತ್ತದೆ. ಹುಟ್ಟಿನಿಂದ ಮಾತಾಡುವವರಿಗೆ ‘ಎ’ ಯಾಕೆ, ‘ದಿ’ ಯಾಕೆ ಅಂತ ಕೇಳಿದರೆ ಎಷ್ಟೋ ಸಲ ಹೇಳಲು ಬರುವುದಿಲ್ಲ.

ಆದರೆ ನಮ್ಮ ಕಿವಿಯ ಮೇಲೆ ನಂಬಿಕೆ ಇಡಬೇಡಿ. ವಿದೇಶಿ ಹುಡುಗ ಮಾಡುವ ತಪ್ಪು ನಮ್ಮ ತಪ್ಪಿನ ಹಾಗೇ ಇದ್ದರೆ ನಮಗೆ ಕಾಣುವುದಿಲ್ಲ. ನಮಗಿಂತ ಬೇರೆ ಇದ್ದರೆ ಬೆಟ್ಟದಷ್ಟು ಕಾಣುತ್ತದೆ. ‘ಹಿ’ ಅಂದ ಹುಡುಗಿಗೆ ನಕ್ಕೆವು, ‘ಬಿಫೋರ್ ಟು ಮಂತ್’ ಅಂದವನನ್ನು ಗಮನಿಸಲೇ ಇಲ್ಲ. ಅರ್ಥ ಕೆಟ್ಟದ್ದು ಎರಡನೆಯದರಲ್ಲಿ.

ನಾನು ಎಷ್ಟೋ ವರ್ಷ ‘ಡಿಸ್ಕಸ್ ಅಬೌಟ್’ ಅಂತಲೇ ಬರೆಯುತ್ತಿದ್ದೆ. ಬೋರ್ಡಿನ ಮೇಲೆ ಕೂಡ. ‘ವಿಷಯದ ಬಗ್ಗೆ ಚರ್ಚಿಸು’ ಅನ್ನುವ ಕನ್ನಡದ ‘ಬಗ್ಗೆ’ ಅಲ್ಲಿ ಬಂದು ಕೂತಿತ್ತು. ವಿದ್ಯಾರ್ಥಿಗಳೂ ಹಾಗೇ ಬರೆದರು, ನಾನು ರೈಟ್ ಹಾಕಿದೆ. ಒಂದು ದಿನ ಎಕ್ಸ್‌ಟರ್ನಲ್ ಪರೀಕ್ಷಕರಾಗಿ ಬಂದವರು ನಗುತ್ತಾ ತೋರಿಸಿದರು. ಅವತ್ತಿನಿಂದ ನನ್ನ ಟೇಬಲ್ಲಿನ ಗಾಜಿನ ಕೆಳಗೆ ಒಂದು ಚೀಟಿ ಇದೆ: ಟುಡೇ ಮಾರ್ನಿಂಗ್, ಐ ಆಮ್ ಹ್ಯಾವಿಂಗ್ ಎ ಡೌಟ್, ರಿಟರ್ನ್ ಬ್ಯಾಕ್, ಡಿಸ್ಕಸ್ ಅಬೌಟ್, ಎಲ್ಲದರ ಬಾಲಕ್ಕೂ ಒಂದು ‘ಈಸಿಂಟ್ ಇಟ್’. ಕೊನೆಯದು ನಮ್ಮ ‘ಅಲ್ವಾ’ದ ತದ್ರೂಪು. ತಿದ್ದುವ ಮುಂಚೆ ಒಮ್ಮೆ ಚೀಟಿ ನೋಡುತ್ತೇನೆ.

ಇವೆಲ್ಲ ತಪ್ಪಾ? ಭಾರತದೊಳಗೆ ಎಲ್ಲರಿಗೂ ಅರ್ಥವಾಗುವ ಮಾತುಗಳು. ‘ಪ್ರಿಪೋನ್’ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. ನನ್ನ ಅಭಿಪ್ರಾಯ ಇಷ್ಟು: ಇಲ್ಲಿನ ಬಳಕೆಗೆ ಅಂಕ ಕಳೆಯುವುದಿಲ್ಲ, ಆದರೆ ಪಕ್ಕದಲ್ಲಿ ಒಂದು ಚುಕ್ಕಿ ಇಡುತ್ತೇನೆ. ಮುಂದೆ ಅವರು ಊರಿಗೆ ಹೋಗಿ ಬೇರೆ ದೇಶದವರಿಗೆ ಬರೆಯುವಾಗ ಇದು ನಡೆಯಲಿಕ್ಕಿಲ್ಲ ಅಂತ ಹೇಳುತ್ತೇನೆ.

ಒಂದೇ ಪುಟಕ್ಕೆ ಇಬ್ಬರು ಬೇರೆ ಬೇರೆ ಅಂಕ ಕೊಟ್ಟರೆ?

ಕೊಡುತ್ತಾರೆ, ಕೊಡದಿದ್ದರೆ ಅನುಮಾನ ಪಡಿ. ಆ ರೂಮು ಹುಡುಕಿದ ಪುಟಕ್ಕೆ ನಾನು ಇಪ್ಪತ್ತಕ್ಕೆ 13 ಕೊಟ್ಟೆ, ಸಹೋದ್ಯೋಗಿ 7 ಕೊಟ್ಟರು. ಕೂತು ಮಾತಾಡಿದಾಗ ಗೊತ್ತಾಯಿತು: ಅವರು ಸ್ಪೆಲಿಂಗನ್ನೂ ಗ್ರಾಮರ್ ಲೆಕ್ಕಕ್ಕೆ ಹಾಕಿದ್ದರು. ನಾನು, ಆ ಬಾಗಿಲು ಮುಚ್ಚಿದ್ದು ಓದಿ ಕರಗಿಹೋಗಿದ್ದೆ. ಇಬ್ಬರದೂ ತಪ್ಪೇ. ಈಗ ತಿದ್ದುವ ಮುಂಚೆ ಇಬ್ಬರೂ ಎರಡು ಮೂರು ಪುಟ ಒಟ್ಟಿಗೆ ತಿದ್ದಿ ನೋಡುತ್ತೇವೆ. ಆಮೇಲೆ ಬೇರೆ ಬೇರೆ ಕೂತು, ಒಬ್ಬರ ಅಂಕ ಒಬ್ಬರಿಗೆ ಕಾಣದಂತೆ ತಿದ್ದುತ್ತೇವೆ. ಇಪ್ಪತ್ತಕ್ಕೆ ಮೂರಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೆಯವರಿಗೆ. ಹೆಸರಿರುವ ಭಾಗವನ್ನು ಮಡಚಿ ಪಿನ್ ಹಾಕುವುದನ್ನು ಮರೆಯಬೇಡಿ. ದೇಶದ ಹೆಸರು ನೋಡಿದ ತಕ್ಷಣ ಕೈ ತಾನಾಗೇ ಬಿಗಿಯಾಗುತ್ತದೆ ಇಲ್ಲವೇ ಸಡಿಲವಾಗುತ್ತದೆ.

ಮಾತಿನಲ್ಲಿ ಗ್ರಾಮರ್ ನೋಡುವುದು ಹೇಗೆ?

ಬರವಣಿಗೆಯ ಅಳತೆಗೋಲು ಇಲ್ಲಿಗೆ ತರಬೇಡಿ. ಯಾರೂ ಪೂರ್ತಿ ವಾಕ್ಯದಲ್ಲಿ ಮಾತಾಡುವುದಿಲ್ಲ, ನೀವೂ ಇಲ್ಲ ನಾನೂ ಇಲ್ಲ. ಒಂದು ಕಥೆ ಹೇಳಿಸಿ, ಒಂದು ದಾರಿ ಕೇಳಿ, ಮುಂದಿನ ವರ್ಷ ಏನು ಮಾಡುತ್ತೀರಿ ಅಂತ ಕೇಳಿ. ಹಿಂದಿನದು, ಈಗಿನದು, ಮುಂದಿನದು, ಮೂರೂ ಬಂದುಬಿಡುತ್ತವೆ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಎದುರಿಗೆ ಕೂತಾಗ ಉಚ್ಚಾರಣೆಗೇ ಕಿವಿ ಹೋಗುತ್ತದೆ, ಎರಡನೇ ಸಲ ಕೇಳಿದಾಗ ಮಾತ್ರ ವಾಕ್ಯ ಕೇಳಿಸುತ್ತದೆ.

ಗ್ರಾಮರ್ಲಿ, ಚಾಟ್‌ಜಿಪಿಟಿ ಇರುವಾಗ ಇದೆಲ್ಲ ಬೇಕಾ?

ಮನೆಯಿಂದ ಬರೆದು ತಂದದ್ದನ್ನು ಅಳೆದು ಪ್ರಯೋಜನವಿಲ್ಲ, ಅದಕ್ಕೇ ಕೈಬರಹ ಅಂದದ್ದು. ತಿದ್ದಲು ಮೆಷಿನ್ ಬಳಸಬಹುದಾ ಅಂತಲೂ ಕೇಳುತ್ತಾರೆ. ಎಣಿಸಲು ಪರವಾಗಿಲ್ಲ. ಆದರೆ ನಾನು ಪ್ರಯತ್ನಿಸಿದಾಗ ಅದು ತಪ್ಪಿನ ಜೊತೆಗೆ ಸರಿಯಿದ್ದ ವಾಕ್ಯಗಳನ್ನೂ ತನ್ನ ರುಚಿಗೆ ತಿದ್ದಿಬಿಟ್ಟಿತು. ವಿದ್ಯಾರ್ಥಿಯ ಮಟ್ಟವೇ ಮಾಯ. ನಮ್ಮೂರಿನ ಬಡಾವಣೆ ‘ಒಂಟಿಕೊಪ್ಪಲು’ ಪದದ ಕೆಳಗೆ ಕೆಂಪು ಗೆರೆ ಬೇರೆ.

ಪಿಎಚ್‌ಡಿ ಸಿನಾಪ್ಸಿಸ್ (ಸಂಶೋಧನೆಯ ಸಾರಾಂಶ) ನೋಡಿ ಹೇಳಬಹುದಲ್ಲ?

ಆಗುವುದಿಲ್ಲ. ಅದು ಗೈಡು, ಸೀನಿಯರು, ಟೈಪಿಂಗ್ ಅಂಗಡಿಯವರು ಎಲ್ಲರ ಕೈ ದಾಟಿ ಬಂದಿರುತ್ತದೆ. ಅದರಲ್ಲೇ ಒಂದು ವಾಕ್ಯಕ್ಕೆ ಬೆರಳಿಟ್ಟು “ಇದನ್ನು ನಿಮ್ಮ ಮಾತಿನಲ್ಲಿ ಹೇಳಿ” ಅನ್ನಿ. ಐದು ನಿಮಿಷದಲ್ಲಿ ತಿಳಿಯುತ್ತದೆ.

ಬೈಲಕುಪ್ಪೆಯ ಟಿಬೆಟನ್ ವಿದ್ಯಾರ್ಥಿಗಳಿಗೂ ಇದೇ ಟೆಸ್ಟಾ?

ಅವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿ, ಇಲ್ಲೇ ಓದಿದವರು. ಎಷ್ಟೋ ಜನಕ್ಕೆ ಕನ್ನಡವೂ ಬರುತ್ತದೆ. ಉಳಿದ ಕ್ಲಾಸಿನವರಿಗೆ ಇಲ್ಲದ ಟೆಸ್ಟು ಅವರಿಗೆ ಬೇಡ.

ನಮ್ಮದು ಮಂಡ್ಯ. ಮಗ ಕನ್ನಡ ಮೀಡಿಯಂ, ಈಗ ಜರ್ಮನಿಗೆ ಎಂಎಸ್ ಓದಲು ಹೋಗಬೇಕು ಅನ್ನುತ್ತಾನೆ. ಅವನಿಗೆ ಇದರಿಂದ ಉಪಯೋಗ ಇದೆಯಾ?

ಇದೆ, ಅಲ್ಲಿ ಅವನೇ ವಿದೇಶಿ ವಿದ್ಯಾರ್ಥಿ ಅಲ್ವಾ? ಎಷ್ಟು ಸ್ಕೋರ್ ಬೇಕು ಅನ್ನುವುದು ಕೋರ್ಸಿಗೊಂದು ಥರ, ಆ ಯೂನಿವರ್ಸಿಟಿಯ ವೆಬ್‌ಸೈಟಿನಲ್ಲೇ ನೋಡಿ. ಐಇಎಲ್‌ಟಿಎಸ್ ಫಲಿತಾಂಶ ಎರಡು ವರ್ಷ ನಡೆಯುತ್ತದೆ, ಆದ್ದರಿಂದ ತೀರಾ ಮುಂಚೆ ಬರೆಸಬೇಡಿ. ದಪ್ಪ ಗ್ರಾಮರ್ ಪುಸ್ತಕ ಕೊಡಿಸುವ ಬದಲು ದಿನಾ ನಲವತ್ತು ನಿಮಿಷದಲ್ಲಿ 250 ಪದ ಬರೆಯಲು ಹೇಳಿ, ರೈಟಿಂಗ್‌ನ ಎರಡನೇ ಟಾಸ್ಕ್ ಅಷ್ಟೇ ಇರುತ್ತದೆ. ಎರಡು ದಿನ ಬಿಟ್ಟು ಅವನೇ ತಿದ್ದಲಿ. ನನ್ನ ಟೇಬಲ್ಲಿನ ಚೀಟಿ ಅವನಿಗೂ ಬೇಕಾಗುತ್ತದೆ.

ರಿಪೋರ್ಟಿನಲ್ಲಿ ಏನು ಬರೆಯಬೇಕು? ಫೇಲ್ ಮಾಡಬಹುದಾ?

ಸೀಟು ಕೊಟ್ಟು, ಫೀಸು ಕಟ್ಟಿಸಿಕೊಂಡು, ಆಮೇಲೆ ಗ್ರಾಮರ್ ಇಲ್ಲ ಅಂತ ಫೇಲ್ ಮಾಡುವುದು ನ್ಯಾಯ ಅಲ್ಲ. ಈ ಟೆಸ್ಟ್ ಇರುವುದು ಯಾರಿಗೆ ಏನು ಪಾಠ ಬೇಕು ಅಂತ ತಿಳಿಯಲು. ಆಫೀಸಿನವರು ಅಂಕ ಕೇಳಿದರೆ ಯುರೋಪಿನ ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲಿನ ಅಳತೆ ಇದೆ, 2001ರಲ್ಲಿ ಪ್ರಕಟವಾದದ್ದು, ಅದರಲ್ಲಿ ಒಂದು ಮೆಟ್ಟಿಲು ಹಾಕಿ ಕೊಡಿ. ಪಾಠ ಮಾಡುವವರಿಗೆ ಮಾತ್ರ ಮೂರು ಸಾಲು ಬರೆಯಿರಿ: ಏನು ಚೆನ್ನಾಗಿ ಬರುತ್ತದೆ, ಓದುವವರನ್ನು ಎಡವಿಸುವ ತಪ್ಪು ಯಾವುದು, ಮೊದಲು ಹಿಡಿಯಬೇಕಾದ ಒಂದು ವಿಷಯ ಯಾವುದು. ಒಂದೇ ವಿಷಯ. ಐದು ಬರೆದರೆ ಯಾರೂ ಒಂದನ್ನೂ ಮಾಡುವುದಿಲ್ಲ.

ಮತ್ತೆ ಯಾವಾಗ ಅಳೆಯಬೇಕು?

ಒಂದು ಸೆಮಿಸ್ಟರ್ ಬಿಟ್ಟು. ತಿಂಗಳಿಗೊಮ್ಮೆ ಅಳೆದರೆ ಗಿಡ ಕಿತ್ತು ಬೇರು ನೋಡಿದ ಹಾಗೆ. ವಿಷಯ ಹತ್ತಿರದ್ದೇ ಇರಲಿ, ಪ್ರಶ್ನೆ ಬೇರೆ ಇರಲಿ.

ಆ ರೂಮಿನ ಹುಡುಗನಿಗೆ ಎರಡನೇ ಸಲ “ನಿಮ್ಮ ಮನೆ ಓನರ್ ಬಗ್ಗೆ” ಅಂತ ಕೊಟ್ಟೆ. ಎರಡು ಪುಟ ಬರೆದ. ಆಸ್ಕ್ಡ್, ಸೆಡ್, ಗೇವ್ ಎಲ್ಲ ಬಂದಿದ್ದವು. ‘ಟು ಮಂತ್ಸ್ ಅಗೋ’ ಅಂತ ನೀಟಾಗಿ ಬರೆದು ಅಡಿಗೆರೆ ಬೇರೆ ಎಳೆದಿದ್ದ. ‘ಎ’ ಇನ್ನೂ ಅರ್ಧಕ್ಕರ್ಧ ಕಾಣೆ. ಕೊನೆಯ ಸಾಲಿನಲ್ಲಿ ಹೊಸದೊಂದು ಸೇರಿಕೊಂಡಿತ್ತು: “ಟುಡೇ ಮಾರ್ನಿಂಗ್ ಆಲ್ಸೋ ಹಿ ಗೇವ್ ಮಿ ಫಿಲ್ಟರ್ ಕಾಫಿ ಓನ್ಲಿ.” ಆ ‘ಓನ್ಲಿ’ಯನ್ನು ಅರಬಿಯಿಂದ ತಂದಿಲ್ಲ, ನಮ್ಮ ಮೈಸೂರಿನ ಸರಸ್ವತಿಪುರಂನಿಂದ ತಂದಿದ್ದಾನೆ. ನಾನು ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟೆ. ಸಹೋದ್ಯೋಗಿ ಅರ್ಧ ಅಂಕ ಕಳೆದಿದ್ದಾರೆ. ಸ್ಟಾಫ್ ರೂಮಿನಲ್ಲಿ ಜಗಳ ಇನ್ನೂ ಮುಗಿದಿಲ್ಲ.